ಹನ್ನೆರಡು ಬೋರ್ ಬಂದೂಕಿಗೆ ಸಣ್ಣ ಥರ್ಮಲ್ ಸೈಟ್: ಕೊಳ್ಳಬಹುದಾ, ಬೇಡವಾ?

ಬೇಡ್ತಿದಂಡೆ, ಕಲಘಟಗಿ ತಾಲೂಕು

ನಮಸ್ಕಾರ ಎಲ್ಲರಿಗೂ. ಹಂದಿ ಕಾಟಕ್ಕೆ ಸಾಕಾಗಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಅರ್ಧ ಗೋವಿನಜೋಳ, ಉಳಿದದ್ದರಲ್ಲಿ ಕಬ್ಬು, ಮೇಲಿನ ಮಸಾರಿ ತುಂಡಿನಲ್ಲಿ ಶೇಂಗಾ. ಹೊಲದ ಹಿಂದೆ ಕಾಡು ಹತ್ತಿಕೊಂಡೇ ಇದೆ. ತೆನೆ ಹಾಲುಗಾಳು ಆಗುವುದೇ ತಡ, ಹಿಂಡು ಇಳಿಯುತ್ತದೆ. ತಿನ್ನುವುದು ಸ್ವಲ್ಪ, ಕೆಡವುವುದು ಜಾಸ್ತಿ. ಪಟಾಕಿ ಹೊಡೆದೆವು, ಡಬ್ಬಿ ಬಡಿದೆವು, ಹಳೆ ಸೀರೆ ಕಟ್ಟಿದೆವು. ಒಂದೆರಡು ದಿನ ಹೆದರುತ್ತವೆ, ಆಮೇಲೆ ಅದೇ ಕಥೆ.

ಅಪ್ಪನ ಹೆಸರಲ್ಲಿ ಲೈಸೆನ್ಸಿನ ಡಬಲ್ ಬ್ಯಾರಲ್ ಹನ್ನೆರಡು ಬೋರ್ ಬಂದೂಕಿದೆ. ಹಳೆಯದು, ಅಕ್ಕಪಕ್ಕ ನಳಿಗೆ ಇರುವಂಥದ್ದು. ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರು ಅಂಗೈಯಷ್ಟು ಸಣ್ಣ ಥರ್ಮಲ್ ಸೈಟ್, ಅಂದರೆ ಮೈಯ ಬಿಸಿಯನ್ನು ಕತ್ತಲಲ್ಲೂ ಚಿತ್ರ ಮಾಡಿ ತೋರಿಸುವ, ಬಂದೂಕಿನ ಮೇಲೆ ಕೂರಿಸಿ ಗುರಿ ಹಿಡಿಯುವ ದುರ್ಬೀನು, ತರಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. 256×192 ಸೆನ್ಸರ್, 19 ಮಿಲಿಮೀಟರ್ ಲೆನ್ಸ್, 900 ಮೀಟರ್‌ವರೆಗೆ ಕಾಣುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯಂತೆ. ಬೆಲೆ ಒಂದೂವರೆ ಲಕ್ಷದ ಹತ್ತಿರ. ಬಿಲ್ ಬಗ್ಗೆ ಕೇಳಿದರೆ "ಅದನ್ನೆಲ್ಲ ಆಮೇಲೆ ನೋಡೋಣ" ಅಂದರು.

ಯೂಟ್ಯೂಬಿನಲ್ಲಿ ನೋಡಿದರೆ ಕತ್ತಲಲ್ಲಿ ಹಂದಿಗಳು ಬೆಳ್ಳಗೆ ಹೊಳೆಯುತ್ತವೆ, ಹಗಲಿಗಿಂತ ಚೆನ್ನಾಗಿ ಕಾಣುತ್ತವೆ. ನಿಜವಾಗಿಯೂ ಹಾಗೇ ಇರುತ್ತದಾ? ಇಷ್ಟು ಸಣ್ಣದು ಕೆಲಸಕ್ಕೆ ಬರುತ್ತದಾ, ಅಥವಾ ದುಡ್ಡು ಕೂಡಿಸಿ ದೊಡ್ಡದನ್ನೇ ತಗೊಳ್ಳಬೇಕಾ? ಗೋವಿನಜೋಳದ ಒಳಗಿರುವ ಹಂದಿ ಕಾಣುತ್ತದಾ? ಬಳಸಿದವರು ಇದ್ದರೆ ದಯವಿಟ್ಟು ಹೇಳಿ. ಸುಗ್ಗಿಗೆ ಮುಂಚೆ ಏನಾದರೂ ಮಾಡಲೇಬೇಕು.

ಮಾಜಿ ಫೌಜಿ, ಧಾರವಾಡ

ತಮ್ಮಾ, ಸೈಟಿನ ಮಾತು ಆಮೇಲೆ. ಮೊದಲು ಲೈಸೆನ್ಸ್ ಯಾರ ಹೆಸರಲ್ಲಿದೆ ಅನ್ನುವುದನ್ನು ಸರಿಯಾಗಿ ಯೋಚನೆ ಮಾಡು. ಅಪ್ಪನ ಹೆಸರಲ್ಲಿದೆ ಅಂದೆ. ರಾತ್ರಿ ಹೊಲಕ್ಕೆ ಬಂದೂಕು ಹಿಡಿದು ಹೋಗುವವರು ಯಾರು? ನೀನಾದರೆ, ಅದು ನಿನ್ನ ಬಂದೂಕಲ್ಲ. ಲೈಸೆನ್ಸ್ ಅನ್ನುವುದು ಮನೆತನಕ್ಕೆ ಕೊಡುವಂಥದ್ದಲ್ಲ, ಆ ಒಬ್ಬ ಮನುಷ್ಯನಿಗೆ ಕೊಡುವಂಥದ್ದು. ನಮ್ಮ ಕಡೆ ಅಪ್ಪನ ಬಂದೂಕು ಮಗ ಹಿಡಿದು ಓಡಾಡುವುದನ್ನು ಯಾರೂ ತಪ್ಪು ಅಂದುಕೊಳ್ಳುವುದಿಲ್ಲ. ಆದರೆ ಏನಾದರೂ ಆದ ದಿನ ಕೇಸು ಬೀಳುವುದು ಇಬ್ಬರ ಮೇಲೂ.

ಈಗ ಥರ್ಮಲ್ ವಿಷಯ. ನಾನು ಇನ್‌ಫೆಂಟ್ರಿಯಲ್ಲಿದ್ದವನು. ಗಡಿಯಲ್ಲಿ ರಾತ್ರಿ ಪಹರೆಗೆ ನಮಗೆ ಎಚ್‌ಎಚ್‌ಟಿಐ ಇರುತ್ತಿತ್ತು, ಕೈಯಲ್ಲಿ ಹಿಡಿದು ನೋಡುವ ಥರ್ಮಲ್, ಬಿಇಎಲ್‌ನವರು ಮಾಡುವಂಥದ್ದು. ನೋಡುವವನು ಬೇರೆ, ರೈಫಲ್ ಹಿಡಿದವನು ಬೇರೆ. ನೋಡುವವನು ಹೇಳಬೇಕು, ಇನ್ನೊಬ್ಬ ಖಾತ್ರಿ ಮಾಡಿಕೊಳ್ಳಬೇಕು. ಬಿಸಿ ಇರುವ ಒಂದು ಆಕಾರ ಕಂಡಿತು ಅಂದ ಮಾತ್ರಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಸೈಟನ್ನು ಬಂದೂಕಿನ ಮೇಲೆ ಕೂರಿಸಿದರೆ ಏನಾಗುತ್ತದೆ ಗೊತ್ತಾ? ನೀನು ಏನನ್ನು ನೋಡಬೇಕೆಂದರೂ ನಳಿಗೆಯನ್ನು ಅದರ ಕಡೆ ತಿರುಗಿಸಲೇಬೇಕು. "ಅಲ್ಲೇನೋ ಅಲುಗಾಡ್ತಿದೆ, ಏನದು?" ಅಂತ ನೋಡುವುದು ತುಂಬಿದ ಬಂದೂಕಿನಿಂದ. ಆ ಅಲುಗಾಡಿದ್ದು ಯಾರು ಅಂತ ಆಮೇಲೆ ಗೊತ್ತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಹನ್ನೆರಡಕ್ಕೋ ಎರಡಕ್ಕೋ ನೀರು ಹಾಯಿಸಲು ಜನ ಹೊಲದಲ್ಲೇ ಇರುತ್ತಾರಲ್ಲ! ಸಾಲಿಗೆ ನೀರು ತಿರುಗಿಸಲು ಸಲಿಕೆ ಹಿಡಿದು ಬಗ್ಗಿದವನು ಥರ್ಮಲ್ಲಿನಲ್ಲಿ ಹೇಗೆ ಕಾಣುತ್ತಾನೆ ಹೇಳು. ಬೆನ್ನು ಅಡ್ಡ, ತಲೆ ಕೆಳಗೆ, ಕಾಲು ಬೆಳೆಯ ಮರೆಗೆ. ನೆಲದಿಂದ ಎರಡು ಮೂರು ಅಡಿ ಎತ್ತರದ ಬಿಳಿ ಗಂಟು, ಅಷ್ಟೇ. ಹಂದಿಯೂ ಅಷ್ಟೇ ಎತ್ತರ.

ನನ್ನ ಮಾತು ಇಷ್ಟೇ. ಬಂದೂಕಿನ ಮೇಲೆ ಬೇಡ. ಬೇಕಾದರೆ ಕೈಯಲ್ಲಿ ಹಿಡಿಯುವುದನ್ನು ತಗೋ.

ಎರೆಹೊಲ, ಹುಬ್ಬಳ್ಳಿ

ಫೌಜಿ ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಕಾರ್ಖಾನೆಗಳಲ್ಲಿ ಪ್ಯಾನಲ್ ಬೋರ್ಡು, ಮೋಟರ್ ಬೇರಿಂಗು ಬಿಸಿಯಾಗಿದೆಯಾ ಅಂತ ಥರ್ಮಲ್ ಕ್ಯಾಮೆರಾದಲ್ಲಿ ನೋಡುವ ಕೆಲಸ ಮಾಡುತ್ತೇನೆ. ಊರಲ್ಲಿ ಹೊಲವೂ ಇದೆ. ಹಾಗಾಗಿ ಆ 900 ಮೀಟರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ದುಡ್ಡು ಹೋಗುವುದೇ ಅಲ್ಲಿ.

256×192 ಅಂದರೆ ಚಿತ್ರ ಹಿಡಿಯುವ ಸೆನ್ಸರಿನಲ್ಲಿ ಅಡ್ಡಕ್ಕೆ 256, ಎತ್ತರಕ್ಕೆ 192 ಚುಕ್ಕೆ (ಪಿಕ್ಸೆಲ್). ಈಗಿನ ಸಣ್ಣ ಸೈಟುಗಳಲ್ಲಿ ಒಂದೊಂದು ಚುಕ್ಕೆ 12 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಹನ್ನೆರಡು ಭಾಗ, ಇರುತ್ತದೆ. 19 ಮಿಲಿಮೀಟರ್ ಲೆನ್ಸ್ ಹಾಕಿದರೆ, 100 ಮೀಟರ್ ದೂರದಲ್ಲಿ ಒಂದು ಚುಕ್ಕೆಗೆ ಸಿಗುವ ಜಾಗ ಸುಮಾರು 6.3 ಸೆಂಟಿಮೀಟರ್. ದೊಡ್ಡ ಹಂದಿ ಹೆಗಲ ಹತ್ತಿರ 80 ಸೆಂಟಿಮೀಟರ್ ಎತ್ತರ ಅಂತ ಹಿಡಿಯಿರಿ. 100 ಮೀಟರಿನಲ್ಲಿ ಅದು ಹನ್ನೆರಡು ಹದಿಮೂರು ಚುಕ್ಕೆ ಎತ್ತರಕ್ಕೆ ಕಾಣುತ್ತದೆ. 300 ಮೀಟರಿನಲ್ಲಿ ನಾಲ್ಕು ಚುಕ್ಕೆ. 900 ಮೀಟರಿನಲ್ಲಿ ಒಂದು ಚುಕ್ಕೆಯೇ 57 ಸೆಂಟಿಮೀಟರ್ ಅಗಲ ಆಗಿಬಿಡುತ್ತದೆ. ಅಲ್ಲಿ ಆರಡಿ ಮನುಷ್ಯ ನಿಂತರೂ ಮೂರೇ ಚುಕ್ಕೆ. ಡಬ್ಬದ ಮೇಲೆ ಬರೆಯುವುದು "ಅಲ್ಲಿ ಬಿಸಿ ಏನೋ ಇದೆ" ಅಂತ ಗೊತ್ತಾಗುವ ದೂರ. ಅದು ಹಂದಿಯೋ ಎಮ್ಮೆ ಕರುವೋ ಪಕ್ಕದ ಹೊಲದ ಮಾಮಾನೋ ಅಂತ ಗೊತ್ತಾಗುವ ದೂರ ಬೇರೆ.

ಇದಕ್ಕೆ ಹಳೆಯ ಲೆಕ್ಕವೇ ಇದೆ. 1958 ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಕೆಲಸ ಮಾಡುತ್ತಿದ್ದ ಜಾನ್ ಜಾನ್ಸನ್ ಅನ್ನುವವರು ಹಾಕಿದ್ದು. ಅದನ್ನು ಚುಕ್ಕೆಗೆ ಇಳಿಸಿದರೆ, ಏನೋ ಇದೆ ಅನ್ನಲು ಸುಮಾರು ಎರಡು ಚುಕ್ಕೆ ಸಾಕು, ಯಾವ ಬಗೆಯದು ಅನ್ನಲು ಎಂಟು, ಇದು ಇಂಥದ್ದೇ ಅಂತ ಹೇಳಲು ಹದಿಮೂರರ ಹತ್ತಿರ ಬೇಕು. ಅಷ್ಟಿದ್ದರೂ ನೋಡಿದವರಲ್ಲಿ ಅರ್ಧ ಜನ ಮಾತ್ರ ಸರಿ ಹೇಳುತ್ತಾರೆ ಅನ್ನುವ ಮಟ್ಟ ಅದು. ಅಂದರೆ ನಿಮಗೆ ತೋರಿಸುತ್ತಿರುವ ಸೈಟು 100 ಮೀಟರಿಗೇ ಆ ಗೆರೆಯ ಮೇಲೆ ನಿಂತಿದೆ, ಅದೂ ಹಂದಿ ಬಯಲಲ್ಲಿ ಅಡ್ಡಲಾಗಿ ನಿಂತಾಗ. 50 ಮೀಟರಿನ ಒಳಗೆ ಚೆನ್ನಾಗಿರುತ್ತದೆ. ಜೂಮ್ ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಡಿಜಿಟಲ್ ಜೂಮ್ ಇದ್ದ ಚುಕ್ಕೆಯನ್ನೇ ಹಿಗ್ಗಿಸಿ ತೋರಿಸುತ್ತದೆ, ಹೊಸದಾಗಿ ಏನನ್ನೂ ತರುವುದಿಲ್ಲ.

ಗೋವಿನಜೋಳದ ಪ್ರಶ್ನೆಗೆ ಉತ್ತರ: ಕಾಣುವುದಿಲ್ಲ. ಥರ್ಮಲ್ ಎಲೆಯ ಆಚೆಗೆ ನೋಡುವುದಿಲ್ಲ. ಎಲೆಯ ಮೇಲ್ಮೈ ಎಷ್ಟು ಬಿಸಿ ಇದೆಯೋ ಅದನ್ನೇ ತೋರಿಸುತ್ತದೆ. ಆಳೆತ್ತರ ಬೆಳೆದ ಜೋಳದ ಒಳಗೆ ಹಿಂಡು ನಿಂತಿದ್ದರೆ ಸಾಲಿನ ಸಂದಿಯಲ್ಲಿ ಎಲ್ಲೋ ಒಂದು ಬಿಳಿ ಚೂರು ಮಿಂಚಿ ಹೋಗುತ್ತದೆ, ಮುಗಿಯಿತು. ಕಬ್ಬಿನಲ್ಲಿ ಅದೂ ಇಲ್ಲ. ನಿಮ್ಮ ಮೇಲಿನ ಶೇಂಗಾ ಹೊಲದಲ್ಲಿ ಮಾತ್ರ ನೀವು ಯೂಟ್ಯೂಬಿನಲ್ಲಿ ನೋಡಿದ ಹಾಗೆ ಸ್ವಚ್ಛವಾಗಿ ಕಾಣುತ್ತದೆ. ಇನ್ನೊಂದು, ಕೆಸರಲ್ಲಿ ಹೊರಳಾಡಿ ಬಂದ ಹಂದಿಯ ಮೈ ಮಂಕಾಗಿರುತ್ತದೆ. ಮುಖ, ಕಿವಿಯ ಬುಡ, ಹೊಟ್ಟೆಯ ಕೆಳಗೆ ಮಾತ್ರ ಹೊಳೆಯುತ್ತದೆ, ಉಳಿದದ್ದು ನೆಲದ ಬಣ್ಣಕ್ಕೇ ಬೆರೆತಿರುತ್ತದೆ.

ಅಗ್ಗದ ಮಾಲು ಕೆಲವು 9 ಹರ್ಟ್ಸ್‌ನವು, ಸೆಕೆಂಡಿಗೆ ಒಂಬತ್ತೇ ಚಿತ್ರ. ಓಡುವ ಪ್ರಾಣಿ ಅದರಲ್ಲಿ ಜಿಗಿಜಿಗಿದು ಕಾಣುತ್ತದೆ. 50 ಹರ್ಟ್ಸ್ ಇದೆಯಾ ಕೇಳಿ. ಆಗಾಗ ಟಕ್ ಅಂತ ಸದ್ದು ಮಾಡಿ ಚಿತ್ರ ಒಂದು ಕ್ಷಣ ನಿಲ್ಲುತ್ತದಲ್ಲ, ಅದು ರಿಪೇರಿಯಲ್ಲ, ಒಳಗಿನ ಶಟರ್ ಮುಚ್ಚಿ ಸೆನ್ಸರನ್ನು ಸಮ ಮಾಡಿಕೊಳ್ಳುವುದು.

ವಿದ್ಯಾನಗರ ಕ್ರಾಸ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಣ್ಣ ಥರ್ಮಲ್ ಸೈಟ್ ಅಂದರೆ ಕೆಲಸಕ್ಕೆ ಬಾರದ್ದು ಅನ್ನುವ ಹಾಗೆ ಓದುಗರಿಗೆ ಅನಿಸಬಾರದು. ನನ್ನ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ, ಅವನ ಗೆಳೆಯರ ಫಾರ್ಮಿನಲ್ಲಿ ನಾನೇ ನೋಡಿ ಬಂದಿದ್ದೇನೆ. ಅಲ್ಲಿ ಸಣ್ಣ ಸೈಟುಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ರೈಫಲಿನ ಮೇಲೆ ಭಾರ ಬೀಳುವುದಿಲ್ಲ, ಎತ್ತಿಳಿಸಲು ಹಗುರ. ಅದೂ 100 ಮೀಟರಿನ ಒಳಗೆ ಬಳಸುವವರಿಗೆ ದೊಡ್ಡ ಲೆನ್ಸಿನ ಅಗತ್ಯವೇ ಇಲ್ಲ. ಲೆನ್ಸ್ ದೊಡ್ಡದಾದರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಆದರೆ ನೋಟದ ಅಗಲ ಕಡಿಮೆ ಆಗುತ್ತದೆ, ಹತ್ತಿರದಲ್ಲಿ ಓಡುವ ಪ್ರಾಣಿಯನ್ನು ಹುಡುಕುವುದೇ ಕಷ್ಟ. ಹನ್ನೆರಡು ಬೋರಿನ ಹೊಡೆತ ಹೇಗೂ 35–40 ಮೀಟರಿಗೆ ಮುಗಿಯುತ್ತದೆ ಅಲ್ವಾ? ಆ ದೂರಕ್ಕೆ 19 ಮಿಲಿಮೀಟರ್ ಲೆನ್ಸ್ ಬೇಕಾದಷ್ಟಾಯಿತು. ಈ ಒಂದು ವಿಷಯದಲ್ಲಿ ನಿಮ್ಮ ಪರಿಚಯದವರು ಹೇಳಿದ್ದು ಸುಳ್ಳಲ್ಲ.

ಆದರೆ ಯೂಟ್ಯೂಬಿನ ಆ ವಿಡಿಯೋಗಳ ಹಿಂದೆ ಏನೇನಿದೆ ಅನ್ನುವುದೂ ಗೊತ್ತಿರಬೇಕು. ಅಲ್ಲಿಯ ಹಂದಿ ಆ ನೆಲದ ಕಾಡುಪ್ರಾಣಿಯೇ ಅಲ್ಲ, ಹೊರಗಿನಿಂದ ತಂದು ಕಾಡುಪಾಲಾದ ಜಾತಿ. ಖಾಸಗಿ ಜಮೀನಿನಲ್ಲಿ ಮಾಲೀಕ ಒಪ್ಪಿದರೆ ವರ್ಷವಿಡೀ, ರಾತ್ರಿ ಹೊತ್ತಿನಲ್ಲೂ ಹೊಡೆಯಬಹುದು. 2019 ರ ಸೆಪ್ಟೆಂಬರಿನಿಂದ ಅದಕ್ಕೆ ಬೇಟೆ ಲೈಸೆನ್ಸ್ ಕೂಡ ಬೇಡ. ಅವರ ಹೊಲಗಳು ನೂರಾರು ಎಕರೆ ಬಯಲು, ಕೊಯ್ಲಾದ ನೆಲ, ಸುತ್ತ ಬೇಲಿ. ಮೈಲಿಗಟ್ಟಲೆ ಮನುಷ್ಯರಿರುವುದಿಲ್ಲ. ಅಲ್ಲಿಯವರು ಕೂಡ ಮೊದಲು ಕೈಯ ಥರ್ಮಲ್ಲಿನಲ್ಲಿ ಹುಡುಕಿ, ಗುರುತು ಹಿಡಿದು, ಆಮೇಲೆಯೇ ರೈಫಲ್ ಎತ್ತುವುದನ್ನು ನೋಡಿದೆ. ಅವರಿಗೆ ಸೈಟು ಎರಡನೆಯ ಖರ್ಚು, ಮೊದಲನೆಯದಲ್ಲ.

ಇನ್ನು ನಿಮ್ಮ ಹಳೆ ಡಬಲ್ ಬ್ಯಾರಲ್ ಮೇಲೆ ಕೂರಿಸುವುದು ಹೇಗೆ? ಥರ್ಮಲ್ ಸೈಟುಗಳು ಪಿಕಾಟಿನಿ ರೈಲ್ ಅನ್ನುವ, ಬಂದೂಕಿನ ಮೇಲಿರುವ ಹಲ್ಲುಹಲ್ಲಿನ ಪಟ್ಟಿಯ ಮೇಲೆ ಕೂರುತ್ತವೆ. ನಿಮ್ಮ ಬಂದೂಕಿನಲ್ಲಿ ನಳಿಗೆ ತುದಿಯ ಮಣಿ ಬಿಟ್ಟರೆ ಏನೂ ಇರುವುದಿಲ್ಲ. ರೈಲ್ ಹಾಕಲು ಕೊರೆಯಬೇಕು, ಹಳೆ ನಳಿಗೆಗೆ ಕೈ ಹಚ್ಚುವುದು ಅಪಾಯ, ಲೈಸೆನ್ಸಿನ ಬಂದೂಕಿಗೆ ಕಂಡಕಂಡವರ ಕೈಯಲ್ಲಿ ಕೆಲಸ ಮಾಡಿಸುವ ಹಾಗೂ ಇಲ್ಲ. ಹಾಕಿದರೂ ಸೈಟು ಎತ್ತರಕ್ಕೆ ಬರುತ್ತದೆ, ಹಿಡಿಕೆಗೆ ಕೆನ್ನೆ ತಾಗುವುದಿಲ್ಲ, ಕಣ್ಣನ್ನು ಗಾಜಿನ ಹತ್ತಿರ ತಂದರೆ ಹಿಂದೊದೆತಕ್ಕೆ ಹುಬ್ಬು ಸೀಳುತ್ತದೆ. ಗುರಿ ಕೂಡಿಸಲು ಒಂದಷ್ಟು ತೋಟೆ ಖರ್ಚು ಮಾಡಬೇಕು, ಅದನ್ನು ಎಲ್ಲಿ ಮಾಡುತ್ತೀರಿ? ಸಣ್ಣ ಗುಂಡುಗಳು ಹರಡಿಕೊಂಡು ಹೋಗುವ ಬಂದೂಕಿಗೆ ಒಂದು ಚುಕ್ಕೆಯಷ್ಟು ಸೂಕ್ಷ್ಮ ಗುರಿ ಕೂಡಿಸುವ ಯಂತ್ರ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ಬೇಡ್ತಿದಂಡೆ, ಕಲಘಟಗಿ ತಾಲೂಕು

ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಫೌಜಿ ಕಾಕಾ, ರಾತ್ರಿ ಪಾಳಿಯ ಮಾತು ಹೇಳಿದಿರಲ್ಲ, ನಮ್ಮ ಹೊಲದ ಕೆಳಗಿನವರು ಪಾಳಿ ಬಂದ ದಿನ ಬೆಳಗಿನ ಜಾವದವರೆಗೂ ನೀರಿನಲ್ಲೇ ಇರುತ್ತಾರೆ. ಅವರಿಗೆ ಫೋನ್ ಮಾಡಿ ಹೋಗಬಹುದು. ಆದರೆ ಎಲ್ಲರಿಗೂ ಮಾಡಲಾಗುವುದಿಲ್ಲ, ನಿಜ.

ಒಂದು ವಿಷಯ ಕೇಳಬೇಕಿತ್ತು. ಲೈಸೆನ್ಸಿನಲ್ಲೇ ಬೆಳೆ ರಕ್ಷಣೆ ಅಂತ ಬರೆದಿದ್ದಾರೆ. ಹಾಗಾದರೆ ಬೆಳೆಗೆ ಬಿದ್ದ ಹಂದಿಯನ್ನು ಹೊಡೆಯಲು ಅದೇ ಅನುಮತಿ ಅಲ್ವಾ? ಊರಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

ಕಪ್ಪತಗುಡ್ಡದ ಬುಡ, ಮುಂಡರಗಿ

ಅಲ್ಲ ಅಣ್ಣಾ. ಊರಲ್ಲಿ ಎಲ್ಲರೂ ಹೇಳುವ ಈ ಮಾತಿನಿಂದಲೇ ಜನ ಸಿಕ್ಕಿಹಾಕಿಕೊಳ್ಳುವುದು.

ಎರಡು ಬೇರೆ ಬೇರೆ ಕಾಯ್ದೆ ಇವೆ. ಬಂದೂಕು ಇಟ್ಟುಕೊಳ್ಳಲು ಬಿಡುವುದು 1959 ರ ಶಸ್ತ್ರಾಸ್ತ್ರ ಕಾಯ್ದೆ. ಪ್ರಾಣಿಯನ್ನು ಹೊಡೆಯಬಹುದಾ ಇಲ್ಲವಾ ಅನ್ನುವುದು 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು. ಮೊದಲನೆಯದರಲ್ಲಿ ಲೈಸೆನ್ಸ್ ಸಿಕ್ಕಿತು ಅಂದರೆ ಎರಡನೆಯದರಲ್ಲಿ ಅನುಮತಿ ಸಿಕ್ಕ ಹಾಗಲ್ಲ. 2022 ರ ತಿದ್ದುಪಡಿ ಆದಮೇಲೆ ಕಾಡುಹಂದಿ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಬೆಳೆಗೆ ಅಪಾಯ ಅಂತ ಖಾತ್ರಿಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಬರವಣಿಗೆಯಲ್ಲಿ ಆದೇಶ ಕೊಡಬಹುದು. ಅದು 11 ನೇ ಕಲಂ. ಬಾಯಿಮಾತು ನಡೆಯುವುದಿಲ್ಲ, ಕಾಗದ ಬೇಕು. ಕಾಗದ ಇಲ್ಲದೆ ಹೊಡೆದರೆ ಕೇಸು, ಜೊತೆಗೆ ಬಂದೂಕು ಜಪ್ತಿ. ಒಂದೂವರೆ ಲಕ್ಷದ ಸೈಟು ಅದರ ಮೇಲೆ ಕೂತಿದ್ದರೆ ಅದೂ ಹೋಯಿತು.

ಕೃಷ್ಣಮೃಗಕ್ಕೆ ತಾಗಿದರಂತೂ ಬೇರೆಯೇ ಮಾತು. ಅದು ಮೊದಲನೇ ಅನುಸೂಚಿ, 3 ರಿಂದ 7 ವರ್ಷ ಜೈಲು. ರಾಣೇಬೆನ್ನೂರಿನಲ್ಲಿ 1974 ರಿಂದ ಅವುಗಳಿಗಾಗಿಯೇ ಅಭಯಾರಣ್ಯ ಇದೆ, ಆದರೆ ಅವು ಗೆರೆಯೊಳಗೇ ಇರುತ್ತವಾ? ಹಾವೇರಿ, ಗದಗ ಎರಡೂ ಕಡೆ ಹೊಲಗಳಲ್ಲೇ ಓಡಾಡುತ್ತವೆ. ನಮ್ಮ ಕಪ್ಪತಗುಡ್ಡ 2019 ರಲ್ಲಿ ವನ್ಯಜೀವಿ ಧಾಮ ಆಯಿತು. ತೋಳ, ಕತ್ತೆಕಿರುಬ, ಚಿರತೆ ಎಲ್ಲಾ ಇವೆ. ಥರ್ಮಲ್ಲಿನಲ್ಲಿ ಬಣ್ಣ ಇರುವುದಿಲ್ಲ, ಚುಕ್ಕೆ ಪಟ್ಟೆ ಯಾವುದೂ ಕಾಣುವುದಿಲ್ಲ. ಬಗ್ಗಿ ಮೇಯುವ ಹೆಣ್ಣು ಕೃಷ್ಣಮೃಗ, ಬೆಳೆಯ ಮೇಲೆ ಬೆನ್ನು ಮಾತ್ರ ಕಾಣುತ್ತಿದ್ದರೆ, ಯಾವ ಗಂಡಸಾದರೂ ಹಂದಿ ಅಂತಲೇ ಹೇಳುತ್ತಾನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಕುರಿಗಾರರದ್ದು. ಬೇಸಿಗೆಯಲ್ಲಿ ನಮ್ಮ ಕಡೆ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ತರುಬಿಸುತ್ತೇವೆ. ಇವತ್ತು ಈ ಹೊಲ, ನಾಳೆ ಆ ಹೊಲ. ಯಾವ ರಾತ್ರಿ ಎಲ್ಲಿರುತ್ತಾರೆ ಅಂತ ಊರಿನವರಿಗೇ ಗೊತ್ತಿರುವುದಿಲ್ಲ. ಗೆಳೆಯರೊಬ್ಬರ ಕೈಥರ್ಮಲ್ಲಿನಲ್ಲಿ ಒಂದು ಹಟ್ಟಿಯ ಕಡೆ ನೋಡಿದೆ. ಕುರಿಗಳು ಮಂಕಾಗಿ ಕಂಡವು, ಉಣ್ಣೆ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಮುಖಗಳು ಮಾತ್ರ ಹೊಳೆಯುತ್ತಿದ್ದವು. ಬದುವಿನ ಹತ್ತಿರ ಕಂಬಳಿ ಹೊದ್ದು ಮಲಗಿದ ಕುರಿಗಾರ ಕಂಡೇ ಇಲ್ಲ. ಪಕ್ಕದಲ್ಲಿ ಮಲಗಿದ ನಾಯಿ ಬೆಳ್ಳಗಿತ್ತು, ಅವನಿದ್ದ ಜಾಗ ನೆಲದ ಹಾಗೇ ಇತ್ತು. ಅವನು ಮಗ್ಗುಲಾಗಿ ಕಂಬಳಿ ಸರಿದಾಗ ಕೈಯೊಂದು ಫಕ್ಕನೆ ಕಾಣಿಸಿತು. ಅಲ್ಲಿ ಮನುಷ್ಯ ಇದ್ದಾನೆ ಅಂತ ಗೊತ್ತಾಗಿದ್ದೇ ಆಗ. ನೋಡುತ್ತಿದ್ದದ್ದು ಬಂದೂಕಿನ ಸೈಟಿನಲ್ಲಿ ಆಗಿದ್ದರೆ ಅಂತ ಯೋಚಿಸಿ.

ಎರೆ ನೆಲದಲ್ಲಿ ಇನ್ನೊಂದು ತೊಂದರೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿಡೀ ಕಾದ ಕಪ್ಪು ನೆಲ, ಬದುವಿನ ಕಲ್ಲು, ರಾತ್ರಿ ಹತ್ತಾದರೂ ಬಿಸಿ ಬಿಡುತ್ತಿರುತ್ತವೆ. ಪ್ರತಿ ಕಲ್ಲೂ ಪ್ರಾಣಿಯ ಹಾಗೆ ಕಾಣುತ್ತದೆ. ಬೆಳಗಿನ ಜಾವದ ಹೊತ್ತಿಗೆ ಚಿತ್ರ ತಿಳಿಯಾಗುತ್ತದೆ. ಮಳೆ, ಮಂಜು ಇದ್ದರೆ ಎಷ್ಟು ದುಬಾರಿಯದಾದರೂ ಮಂಕೇ.

ಬಿಲ್ ಇಲ್ಲದ ಮಾಲು ಮುಟ್ಟಲೇಬೇಡಿ. ಬಂದೂಕಿಗೆ ಕೂರಿಸುವ ಯಾವುದೇ ಸೈಟಾದರೂ ಕೊಳ್ಳುವ ಮುಂಚೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲೈಸೆನ್ಸ್ ನೋಡುವ ಶಾಖೆಗೆ ಅರ್ಜಿ ಬರೆದು, ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ. ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲಿ ಇಡಬೇಕಾಗುತ್ತದೆ, ನಿಮಗೂ ಗೊತ್ತು. ಆಗ ಅದರ ಮೇಲಿನ ಪ್ರತಿಯೊಂದನ್ನೂ ನೋಡುತ್ತಾರೆ.

ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಇದೆ. ಬೆಳಿಗ್ಗೆ ಎದ್ದ ಕೂಡಲೇ ಫೋಟೋ ತೆಗೆದು, ಹೆಜ್ಜೆ ಗುರುತು ಅಳಿಯುವ ಮುಂಚೆ ಗಾರ್ಡಿಗೆ ತಿಳಿಸಿ. ದುಡ್ಡು ನಮ್ಮ ಹಾನಿಗೆ ಸಾಲುವುದಿಲ್ಲ, ಆದರೂ ಅರ್ಜಿ ಹಾಕಲೇಬೇಕು. ಪ್ರತಿ ಸಲ ಅರ್ಜಿ ಹೋದರೆ ಮಾತ್ರ ಈ ಊರಲ್ಲಿ ಕಾಟ ಇದೆ ಅಂತ ಕಡತದಲ್ಲಿ ಉಳಿಯುತ್ತದೆ. ನಾಳೆ ಹನ್ನೊಂದನೇ ಕಲಮಿನ ಆದೇಶ ಕೇಳುವಾಗ ಅದೇ ಆಧಾರ.

ಹಾನಗಲ್ಲಿನ ಅಕ್ಕ

ಇಲ್ಲಿ ಎಲ್ಲರೂ ಬಂದೂಕಿನ ಮಾತಾಡುತ್ತಿದ್ದೀರಿ, ನಮ್ಮ ಹತ್ತಿರ ಬಂದೂಕೇ ಇಲ್ಲ. ಹಂದಿ ಮಾತ್ರ ನಿಮ್ಮಷ್ಟೇ ಇವೆ.

ನಮ್ಮ ಬದುವಿಗೆ ಹೊಂದಿದ ನಾಲ್ಕು ಮನೆಯವರು ಸೇರಿ ಕೈಯಲ್ಲಿ ಹಿಡಿಯುವ ಥರ್ಮಲ್ ಒಂದನ್ನು ಬಿಲ್ ಸಮೇತ ಕೊಂಡಿದ್ದೇವೆ. ಒಂದು ಕಣ್ಣಿನಲ್ಲಿ ನೋಡುವಂಥದ್ದು. ಪಾಳಿ ಪ್ರಕಾರ ಅಟ್ಟಣಿಗೆಯ ಮೇಲೆ ಕೂರುವವರ ಹತ್ತಿರ ಅದು ಇರುತ್ತದೆ. ಮುಂಚೆ ಹೇಗಿತ್ತೆಂದರೆ, ಸದ್ದು ಕೇಳಿ ಬ್ಯಾಟರಿ ಬಿಡುವ ಹೊತ್ತಿಗೆ ಹಂದಿ ಒಳಗೆ ಹೊಕ್ಕಾಗಿರುತ್ತಿತ್ತು, ಒಳಗೆ ಹೊಕ್ಕ ಹಂದಿಯನ್ನು ಎಬ್ಬಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ. ಈಗ ಹಳ್ಳದ ದಂಡೆಯಿಂದ ಈಚೆ ಬಯಲಿಗೆ ಬರುವಾಗಲೇ ಕಾಣುತ್ತವೆ. ಅಷ್ಟು ಸಾಕು. ಕೂಗು ಹಾಕುತ್ತೇವೆ, ಆ ಕಡೆಯವರಿಗೆ ಫೋನ್ ಮಾಡುತ್ತೇವೆ, ಪಟಾಕಿ ಹಾರಿಸುತ್ತೇವೆ. ಸುಮ್ನೆ ರಾತ್ರಿಯಿಡೀ ಡಬ್ಬಿ ಬಡಿದರೆ ಅವಕ್ಕೆ ರೂಢಿ ಆಗಿಬಿಡುತ್ತದೆ. ಅವು ಬಂದ ಜಾಗಕ್ಕೇ, ಬಂದ ಹೊತ್ತಿಗೇ ಸದ್ದು ಹೋದರೆ ಹೆದರುತ್ತವೆ.

ಆಮೇಲೆ ನಾವು ನೋಡಿದ್ದು ಏನೆಂದರೆ, ಅವು ದಿನಾ ಬರುವ ದಾರಿ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಹಳ್ಳದ ಕಂಟಿಯ ಸಂದಿಯಿಂದ ಎರಡು ಕಡೆ. ಇಷ್ಟು ವರ್ಷ ಹೊಲದ ಸುತ್ತ ಓಡಾಡಿದರೂ ಅದು ನಮಗೆ ಗೊತ್ತಿರಲಿಲ್ಲ. ಸೋಲಾರ್ ಬೇಲಿಯನ್ನು ಆ ಕಡೆಯಿಂದ ಶುರು ಮಾಡಿದೆವು.

ಬೇಲಿ ಬಗ್ಗೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಂಬದಿಂದ ನೇರವಾಗಿ ಕರೆಂಟ್ ಎಳೆದು ತಂತಿಗೆ ಕೊಡುವ ಕೆಲಸ ಯಾರೂ ಮಾಡಬೇಡಿ. ಅದರಿಂದ ಹಂದಿಗಿಂತ ಮೊದಲು ಮನೆಯವರೇ ಹೋಗುತ್ತಾರೆ. ಸೋಲಾರ್ ಬೇಲಿಗೆ ಎನರ್ಜೈಸರ್ ಇರುತ್ತದೆ. ಅದು ಸೆಕೆಂಡಿಗೊಂದು ಸಲ ಒಂದು ಸಣ್ಣ ಹೊಡೆತ ಕೊಡುತ್ತದೆ. ವೋಲ್ಟ್ ಸಾವಿರಗಳ ಲೆಕ್ಕದಲ್ಲಿದ್ದರೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ನೋವಾಗುತ್ತದೆ, ಜೀವ ಹೋಗುವುದಿಲ್ಲ.

ಬೇಡ್ತಿದಂಡೆ, ಕಲಘಟಗಿ ತಾಲೂಕು

ಅಕ್ಕಾರೆ, ನಿಮ್ಮದನ್ನು ಅಪ್ಪನಿಗೂ ಓದಿ ಹೇಳಿದೆ. ಸೈಟಿನ ವಿಚಾರ ಬಿಟ್ಟೆವು, ಆ ಮನುಷ್ಯನಿಗೂ ಬೇಡ ಅಂತ ಹೇಳಿದ್ದೇನೆ. ನಮ್ಮ ಬದುವಿನವರಲ್ಲಿ ಇಬ್ಬರು ಕೈಥರ್ಮಲ್ ಕೂಡಿ ಕೊಳ್ಳಲು ಒಪ್ಪುತ್ತಾರೆ ಅನಿಸುತ್ತದೆ, ಕೆಳಗಿನವರನ್ನು ಕೇಳಬೇಕು. ಎರೆಹೊಲ ಸರ್, ಕೊಳ್ಳುವಾಗ ಏನು ನೋಡಬೇಕು? ನೀವು ಕೆಲಸಕ್ಕೆ ಬಳಸುವ ಕ್ಯಾಮೆರಾ ಸಿಕ್ಕರೆ ಅದೇ ನಡೆಯುತ್ತದಾ? ಮತ್ತೆ ಅಕ್ಕಾ, ತಂತಿ ಎಷ್ಟು ಎತ್ತರಕ್ಕೆ?

ಎರೆಹೊಲ, ಹುಬ್ಬಳ್ಳಿ

ಕೆಲಸದ ಕ್ಯಾಮೆರಾ ನಡೆಯುವುದಿಲ್ಲ. ಅದರ ಲೆನ್ಸ್ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ, ಎದುರಿನ ಪ್ಯಾನಲ್ ಪೂರ್ತಿ ಕಾಣಲಿ ಅಂತ ಮಾಡಿದ್ದು. 100 ಮೀಟರಿನಲ್ಲಿ ಅದರ ಒಂದು ಚುಕ್ಕೆ ಒಂದು ಅಡಿ ಅಗಲ. ಹಂದಿಯೇ ಮೂರು ನಾಲ್ಕು ಚುಕ್ಕೆಯೊಳಗೆ ಮುಗಿದುಹೋಗುತ್ತದೆ. ಮೊಬೈಲಿಗೆ ಚುಚ್ಚುವವೂ ಹೆಚ್ಚಿನವು ಅದೇ ಜಾತಿ.

ನಾಲ್ಕು ಮನೆ ಸೇರುವುದಾದರೆ 384×288 ಸೆನ್ಸರ್, 25 ಮಿಲಿಮೀಟರ್ ಲೆನ್ಸ್ ಇರುವುದನ್ನು ನೋಡಿ. ಆಗ 100 ಮೀಟರಿಗೆ ಒಂದು ಚುಕ್ಕೆ 5 ಸೆಂಟಿಮೀಟರಿನ ಒಳಗೆ ಬರುತ್ತದೆ, ನೋಟದ ಅಗಲವೂ 18 ಮೀಟರ್ ಇರುತ್ತದೆ. ಎನ್‌ಇಟಿಡಿ ಅಂತ ಒಂದು ಅಂಕಿ ಬರೆದಿರುತ್ತಾರೆ, ಮಿಲಿಕೆಲ್ವಿನ್‌ನಲ್ಲಿ. ಎಷ್ಟು ಸಣ್ಣ ಬಿಸಿಯ ವ್ಯತ್ಯಾಸ ಗೊತ್ತಾಗುತ್ತದೆ ಅನ್ನುವ ಲೆಕ್ಕ ಅದು. 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಮಳೆಗಾಲದ ತೇವದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಬ್ಯಾಟರಿ ಬಿಚ್ಚಿ ಬದಲಾಯಿಸುವಂತಿರಲಿ. ಒಳಗೇ ಕೂರಿಸಿದ್ದಾದರೆ ಪಾಳಿ ಬದಲಾಗುವ ಹೊತ್ತಿಗೆ ಖಾಲಿಯಾಗಿರುತ್ತದೆ.

ಅಂಗಡಿಯೊಳಗೆ ನಿಂತು ಗಾಜಿನ ಬಾಗಿಲಿನ ಆಚೆ ನೋಡಬೇಡಿ, ಏನೂ ಕಾಣುವುದಿಲ್ಲ. ಈ ಬಿಸಿಯ ಕಿರಣ ಗಾಜನ್ನು ದಾಟುವುದಿಲ್ಲ, ಲೆನ್ಸನ್ನು ಜರ್ಮೇನಿಯಂನಿಂದ ಮಾಡುವುದೇ ಅದಕ್ಕೆ. ಕತ್ತಲಾದಮೇಲೆ ಹೋಗಿ, ಹೊರಗೆ ಬೀದಿಗೆ ತರಿಸಿ, ಬೀದಿಯ ಕೊನೆಯಲ್ಲಿರುವ ನಾಯಿಯನ್ನು ನೋಡಿ. ಅದು ನಾಯಿ ಅಂತ ಯಾರೂ ಹೇಳದೆ ನಿಮಗೆ ಗೊತ್ತಾಗಬೇಕು. ಅಲ್ಲಿಗೆ ಹೆಜ್ಜೆ ಎಣಿಸುತ್ತಾ ನಡೆದು ಹೋಗಿ, ಆ ದೂರವೇ ನಿಮ್ಮ ಯಂತ್ರದ ನಿಜವಾದ ದೂರ. ಲೆನ್ಸನ್ನು ಟವೆಲಿನಿಂದ ಒರೆಸಬೇಡಿ, ಮೇಲಿನ ಲೇಪ ಹೋಗುತ್ತದೆ.

ಹಾನಗಲ್ಲಿನ ಅಕ್ಕ

ಕೆಳಗಿನ ತಂತಿ ನೆಲದಿಂದ ಒಂದು ಗೇಣು ಎತ್ತರಕ್ಕೆ ಇರಲಿ, ಹಂದಿ ಮೂತಿ ತೂರಿಸಿಯೇ ಒಳಗೆ ಬರುವುದು, ಮೂತಿಗೇ ತಾಗಬೇಕು. ಅದರ ಮೇಲೆ ಇನ್ನೊಂದು ಗೇಣಿಗೆ ಎರಡನೆಯದು, ಮೂರನೆಯದು ಮೊಣಕಾಲ ಮಟ್ಟಕ್ಕಿಂತ ಸ್ವಲ್ಪ ಮೇಲೆ. ತಂತಿಯ ಕೆಳಗಿನ ಹುಲ್ಲನ್ನು ಸವರುತ್ತಲೇ ಇರಬೇಕು. ಹಸಿ ಹುಲ್ಲು ತಾಗಿದರೆ ಹೊಡೆತ ನೆಲಕ್ಕೆ ಇಳಿದುಹೋಗುತ್ತದೆ, ತಂತಿ ಇರುತ್ತದೆ, ಬೇಲಿ ಇರುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸವರಿ. ಅರ್ಥಿಂಗ್ ರಾಡನ್ನು ತೇವ ಇರುವ ಜಾಗದಲ್ಲೇ ಹುಗಿಸಿ, ಮಸಾರಿ ಒಣಗಿದರೆ ಅದೂ ಕೆಲಸ ಮಾಡುವುದಿಲ್ಲ. ಸಹಾಯಧನ ಸಿಗುತ್ತದಾ ಅಂತ ಅರಣ್ಯ ಇಲಾಖೆಯಲ್ಲೂ ರೈತ ಸಂಪರ್ಕ ಕೇಂದ್ರದಲ್ಲೂ ಕೇಳಿ, ಆಮೇಲೆ ಸಾಮಾನು ತಗೊಳ್ಳಿ.